ಒಡ್ಡಿನ ಆಚೆ ಯಾರಿದ್ದಾರೆ?

ನವಲಗುಂದ ಸೀಮೆಯ ಮಾತಿನಲ್ಲಿ ಹಳ್ಳ ‘ಬರುತ್ತದೆ’. ಮಳೆ ಬಂದ ಹಾಗೆ, ನೆಂಟರು ಬಂದ ಹಾಗೆ. “ಹಳ್ಳ ಬಂತು” ಎಂಬ ಕೂಗು ಕೇಳಿದರೆ ಹೊಲದಲ್ಲಿದ್ದವರು ಎತ್ತು ಹೊಡೆದುಕೊಂಡು ದಿಬ್ಬ ಹತ್ತುತ್ತಾರೆ. ಆಚೆ ದಂಡೆಗೆ ಹೋದವರು ಯಾರು, ಈಚೆ ಉಳಿದವರು ಯಾರು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಅಷ್ಟು ಹೊತ್ತಿಗೆ ಊರ ಮೇಲೆ ಒಂದು ಹನಿಯೂ ಬಿದ್ದಿರಬೇಕೆಂದಿಲ್ಲ. ಮಳೆ ಬಿದ್ದದ್ದು ಎಲ್ಲೋ ಶಿಗ್ಗಾವಿ ಕಡೆ, ಹುಬ್ಬಳ್ಳಿ ಕಡೆ. ಅಲ್ಲಿಯ ನೀರು ಇಲ್ಲಿಗೆ ಬರಲು ತಾಸುಗಳು ಬೇಕು. ಬಂದಾಗ ಮಾತ್ರ ಕಸ, ಕಂಟಿ, ಕಣಕಿಯ ಸೂಡು, ಒಮ್ಮೊಮ್ಮೆ ದನ, ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ.

ಬೆಣ್ಣೆಹಳ್ಳ ಎಂಬ ಹೆಸರು ಕೇಳಿದವರಿಗೆ ಈ ರಭಸ ನೆನಪಾಗುವುದಿಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಬಳಿ ಹುಟ್ಟುವ ಈ ಹಳ್ಳ ಉತ್ತರಕ್ಕೆ ಮುಖ ಮಾಡಿ ಹುಬ್ಬಳ್ಳಿ, ನವಲಗುಂದ ಸೀಮೆಗಳನ್ನು ಹಾದು, ದಾರಿಯಲ್ಲಿ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು, ರೋಣದ ಕಡೆ ಮಲಪ್ರಭೆಗೆ ಸೇರುತ್ತದೆ. ಬೆಣ್ಣೆ, ತುಪ್ಪ ಎಂದು ಕಿವಿಗೆ ತಂಪೆರೆಯುವ ಈ ಎರಡು ಹೆಸರುಗಳು ಮಳೆಗಾಲದ ಪತ್ರಿಕೆಗಳಲ್ಲಿ ಮಾತ್ರ ಬೆಳೆನಷ್ಟದ ಸುದ್ದಿಯ ಜೊತೆಗೇ ಅಚ್ಚಾಗುತ್ತವೆ.

ಕಾರಣ ನೆಲದಲ್ಲೇ ಇದೆ. ಇದು ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುವ ಈ ಮಣ್ಣು ಮೊದಲ ಮಳೆಗಳನ್ನು ಬಿರುಕುಗಳಲ್ಲೇ ನುಂಗುತ್ತದೆ. ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಬಿರುಕು ಮುಚ್ಚಿ, ಆಮೇಲೆ ಬಿದ್ದ ಮಳೆಯ ಬಹುಪಾಲನ್ನು ಹೊರಗೆ ದಬ್ಬುತ್ತದೆ. ಸೀಮೆ ಬಹುಮಟ್ಟಿಗೆ ಸಮತಟ್ಟು. ಹಳ್ಳಕ್ಕೆ ಇಳಿಜಾರು ಕಡಿಮೆ, ದಂಡೆ ಎತ್ತರವಿಲ್ಲ, ಸುತ್ತು ಬಳಸು ಹೆಚ್ಚು. ಹೊಲಗಳಿಂದ ಕೊಚ್ಚಿ ಬಂದ ಮಣ್ಣು ಪಾತ್ರದಲ್ಲೇ ಕೂರುತ್ತದೆ. ಆ ಹೂಳಿನ ಮೇಲೆ ಜಾಲಿಕಂಟಿ ಬೆಳೆಯುತ್ತದೆ. ಕಂಟಿಯ ಬುಡಕ್ಕೆ ಇನ್ನಷ್ಟು ಹೂಳು ಕಟ್ಟುತ್ತದೆ. ಕೆಳಗೆ ಮಲಪ್ರಭೆಯೂ ತುಂಬಿದ್ದರೆ ಹಳ್ಳಕ್ಕೆ ಹೋಗಲು ದಾರಿಯೇ ಇಲ್ಲ. ಹೊಳೆ ಒತ್ತಿದಂತೆ ಹಳ್ಳದ ನೀರು ಹಿಂದಕ್ಕೆ ಸರಿದು ಹೊಲಗಳ ಮೇಲೆ ಹರಡುತ್ತದೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ ನಿಜ. ಆದರೆ ಬೆಣ್ಣೆಹಳ್ಳ ಹೊಳೆಯನ್ನು ಕೂಡುವುದು ಅದಕ್ಕಿಂತ ಕೆಳಗೆ. ಆ ಗೇಟುಗಳು ಈ ಹಳ್ಳದ ನೀರನ್ನು ತಡೆಯಲಾರವು.

2009ರ ಮಹಾಪೂರವನ್ನು ಉತ್ತರ ಕರ್ನಾಟಕ ಮರೆತಿಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಆ ಮಳೆ ಸುರಿದದ್ದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ. ಪಂಚಾಂಗದಲ್ಲಿ ನೋಡಿದರೆ ಆ ವರ್ಷ ಸೆಪ್ಟೆಂಬರ್ 28ಕ್ಕೆ ವಿಜಯದಶಮಿ; ಅದಾದ ಐದಾರು ದಿನಕ್ಕೆ ಸೀಗಿ ಹುಣ್ಣಿಮೆ. ಬನ್ನಿ ಕೊಟ್ಟು “ಬಂಗಾರದಂಗ ಇರೋಣ” ಎಂದು ಹರಸಿದ ದಿನಗಳಲ್ಲಿ ಶುರುವಾದ ಮಳೆ, ಹೊಲಕ್ಕೆ ಚರಗ ಚೆಲ್ಲುವ ಹಬ್ಬದ ಹೊತ್ತಿಗೆ ಹೊಲವನ್ನೇ ಉಳಿಸಿರಲಿಲ್ಲ. ಸೀಗಿ ಹುಣ್ಣಿಮೆ ಎಂದರೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಕಡುಬು, ಹೋಳಿಗೆ, ಪುಂಡಿಪಲ್ಲೆ ಹೊತ್ತು ಹೋಗಿ ಪೈರಿನ ನಡುವೆ ಐದು ಕಲ್ಲಿಟ್ಟು ಪೂಜಿಸಿ, ನಾಲ್ಕು ದಿಕ್ಕಿಗೆ ಅನ್ನ ಎರಚುವ ಹಬ್ಬ. ಆ ವಾರ ಹಳ್ಳದ ದಂಡೆಯ ಎಷ್ಟೋ ಮನೆಗಳಲ್ಲಿ ಬುತ್ತಿ ಕಟ್ಟಲು ಹಿಟ್ಟೂ ಇರಲಿಲ್ಲ, ಹೋಗಿ ಪೂಜಿಸಲು ಪೈರೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಏಳುವ ಪ್ರಶ್ನೆ ತೀರ ಹಳೆಯದು. ಇದು ಯಾರ ಕೆಲಸ? ದೈವದ್ದೋ, ಮನುಷ್ಯನದ್ದೋ? ಕಟ್ಟೆಯ ಮೇಲೆ ಒಬ್ಬರು ಗಂಗವ್ವ ಮುನಿದಳು ಎನ್ನುತ್ತಾರೆ. ಇನ್ನೊಬ್ಬರು ಹೂಳು ತೆಗೆಸದೆ ಬಿಟ್ಟವರನ್ನು ಬೈಯುತ್ತಾರೆ. ಮೂರನೆಯವರು ಎರಡಕ್ಕೂ ತಲೆಯಾಡಿಸುತ್ತಾರೆ. ಓದಿದವರು ಹಲವು ಸಲ ಈ ಮೂರನೆಯವರನ್ನು ಗೊಂದಲದವರೆಂದು ಬದಿಗೆ ಸರಿಸುತ್ತಾರೆ. ಆದರೆ ಭಾರತದ ಹಳೆಯ ಚಿಂತನೆಯ ದೊಡ್ಡ ಪಾಲು ನಿಂತಿರುವುದು ಆ ಮೂರನೆಯವರ ಪಕ್ಕದಲ್ಲೇ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರ ಭೀಷ್ಮನನ್ನು ಕೇಳುವುದು ಇದನ್ನೇ: ದೈವ ದೊಡ್ಡದೋ, ಪುರುಷಕಾರ ದೊಡ್ಡದೋ? ಯುದ್ಧ ಮುಗಿದಿದೆ, ಬಂಧುಗಳು ಸತ್ತಿದ್ದಾರೆ. ಪ್ರಶ್ನೆ ಕೇಳುವವನಿಗೆ ಅದು ಪಾಂಡಿತ್ಯದ ವಿಷಯವಾಗಿ ಉಳಿದಿಲ್ಲ. ಭೀಷ್ಮ ಕೊಡುವ ಉತ್ತರ ಒಕ್ಕಲಿಗನ ಭಾಷೆಯಲ್ಲಿದೆ. ದೈವ ಬೀಜ, ಮನುಷ್ಯನ ದುಡಿಮೆ ಹೊಲ. ಎರಡೂ ಕೂಡಿದರೆ ಬೆಳೆ. ಹದಮಾಡಿದ ಹೊಲವಿಲ್ಲದೆ ಬೀಜಕ್ಕೆ ಫಲವಿಲ್ಲ. ಇದನ್ನು ಬೆಣ್ಣೆಹಳ್ಳದ ದಂಡೆಯಲ್ಲಿ ಓದಿದರೆ ಅರ್ಥ ಇನ್ನೊಂದು ಮಡಿಕೆ ಬಿಚ್ಚುತ್ತದೆ. ಮಳೆ ಮನುಷ್ಯನ ಕೈಯಲ್ಲಿಲ್ಲ. ಅದನ್ನು ದೈವವೆನ್ನಲು ಅಡ್ಡಿಯಿಲ್ಲ. ಆದರೆ ಆ ಮಳೆ ಬೀಳುವ ನೆಲ ಬದುವಿರುವ ನೆಲವೋ, ಬದು ಕಿತ್ತು ಉತ್ತ ನೆಲವೋ, ಹಳ್ಳದ ಪಾತ್ರದೊಳಗೇ ಒತ್ತಿ ಬಿತ್ತಿದ ನೆಲವೋ? ಅದು ಪುರುಷಕಾರ. ನೆರೆ ಎಂಬ ಫಸಲಿಗೂ ಬೀಜ ಮತ್ತು ಹೊಲ ಎರಡೂ ಬೇಕು.

ಕೌಟಿಲ್ಯನ ಅರ್ಥಶಾಸ್ತ್ರ ಇದೇ ಮಾತನ್ನು ಆಡಳಿತದ ಭಾಷೆಯಲ್ಲಿ ಹೇಳುತ್ತದೆ. ಬೆಂಕಿ, ನೆರೆ, ರೋಗ, ಬರ ಮುಂತಾದ ಎಂಟು ಮಹಾಭಯಗಳನ್ನು ಅದು ‘ದೈವ’ ಎಂದೇ ಕರೆಯುತ್ತದೆ. ಹಾಗೆ ಕರೆದು ಕೈಕಟ್ಟಿ ಕೂರುವುದಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಹೊಳೆದಂಡೆಯ ಊರಿನವರು ದಂಡೆ ಬಿಟ್ಟು ದೂರ ಇರಬೇಕು. ಹಲಗೆ, ಬಿದಿರು, ದೋಣಿ ಸಿದ್ಧವಿರಬೇಕು. ಕೊಚ್ಚಿಹೋಗುವವರನ್ನು ಸೋರೆ ಬುರುಡೆ, ತೊಗಲಿನ ಚೀಲ, ಬೊಡ್ಡೆ ಹಿಡಿದು ದಾಟಿಸಬೇಕು. ದೋಣಿ ಇದ್ದೂ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ. ಅದರ ಬೆನ್ನಿಗೇ ಹಬ್ಬದ ದಿನಗಳಲ್ಲಿ ನದಿಪೂಜೆ ಮಾಡಿಸಬೇಕೆಂಬ ವಿಧಿಯೂ ಇದೆ. ಪೂಜೆ ಮಾಡಿದ್ದರಿಂದ ದೋಣಿ ಬೇಡವೆಂದಾಗಲಿ, ದೋಣಿ ಇರುವುದರಿಂದ ಪೂಜೆ ಬೇಡವೆಂದಾಗಲಿ ಆ ಗ್ರಂಥಕ್ಕೆ ತೋಚಿಲ್ಲ.

ಪತಂಜಲಿಯ ಯೋಗಸೂತ್ರದಲ್ಲಿ ಒಂದು ಕಡೆ ಒಕ್ಕಲಿಗ ಬರುತ್ತಾನೆ. ಅದು ಕೈವಲ್ಯಪಾದದ ಮೂರನೆಯ ಸೂತ್ರ. ಚಿತ್ತವೃತ್ತಿಯ ನಿರೋಧ, ಸಮಾಧಿ ಎಂದು ಮಾತಾಡುತ್ತ ಬಂದ ಗ್ರಂಥ ಇಲ್ಲಿ ಒಮ್ಮೆಲೇ ಹೊಲದ ಬದುವಿನ ಮೇಲೆ ನಿಲ್ಲುತ್ತದೆ. ಮನುಷ್ಯ ಮಾಡುವ ಧರ್ಮಕರ್ಮಗಳು ಪ್ರಕೃತಿಯನ್ನು ದಬ್ಬಿ ನಡೆಸುವುದಿಲ್ಲ, ತಡೆಯನ್ನು ಮಾತ್ರ ಒಡೆಯುತ್ತವೆ, ಒಕ್ಕಲಿಗನ ಹಾಗೆ ಎಂಬುದು ಅದರ ತಿರುಳು. ವ್ಯಾಸಭಾಷ್ಯ ಇದನ್ನು ಬಿಡಿಸಿ ಹೇಳುತ್ತದೆ. ತುಂಬಿದ ಗದ್ದೆಯಿಂದ ಪಕ್ಕದ ಅಥವಾ ಕೆಳಗಿನ ಗದ್ದೆಗೆ ನೀರು ಹಾಯಿಸಬೇಕಾದವನು ಬೊಗಸೆಯಲ್ಲಿ ನೀರು ಹೊರುವುದಿಲ್ಲ. ಬದು ಕಡಿಯುತ್ತಾನೆ, ಮಿಕ್ಕದ್ದನ್ನು ನೀರೇ ನೋಡಿಕೊಳ್ಳುತ್ತದೆ. ಅದೇ ಭಾಷ್ಯ ಇನ್ನೊಂದು ಉದಾಹರಣೆ ಕೊಡುತ್ತದೆ: ಪೈರಿನ ಬೇರಿಗೆ ಸಾರವನ್ನು ತುರುಕಲು ಅವನಿಂದಾಗದು, ಕಳೆ ಕೀಳುವುದಷ್ಟೇ ಅವನ ಕೆಲಸ. ಅಲ್ಲಿ ಕಳೆಯೆಂದು ಎಣಿಸಿದ ಗಿಡಗಳಲ್ಲಿ ಹೆಸರೂ ಒಂದು. ನವಲಗುಂದದ ಒಕ್ಕಲಿಗನಿಗೆ ಹೆಸರು ಮುಂಗಾರಿನ ಕೈಹಿಡಿದ ಬೆಳೆ. ಬುಡ್ಡಿ ಒಣಗಿ ಬಿಡಿಸುವ ಆಗಸ್ಟ್ ತಿಂಗಳಲ್ಲೇ ಹಳ್ಳ ಬರುವುದು ಅವನ ಸಂಕಟ.

ಬದು ಕಡಿಯುವ ಆ ಉಪಮೆಯಷ್ಟು ಖಚಿತವಾದ ಮಾತು ನೆರೆಯ ಬಗ್ಗೆ ಅಪರೂಪ. ನೀರಿಗೆ ಶಕ್ತಿ ಕೊಡುವವರು ನಾವಲ್ಲ, ಅದರ ಶಕ್ತಿಯನ್ನು ಕಿತ್ತುಕೊಳ್ಳುವುದೂ ನಮ್ಮಿಂದಾಗದು. ಎಲ್ಲಿ ಕಡಿಯಬೇಕು, ಎಲ್ಲಿ ಕಟ್ಟಬೇಕು ಎಂಬುದೊಂದೇ ನಮ್ಮ ಕೈಯಲ್ಲಿರುವುದು. ಅಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ದೊಡ್ಡ ಪರಿಣಾಮ ಇರುವುದರಿಂದಲೇ ಅದರ ಹೊಣೆ ಭಾರವಾದದ್ದು. ಸಲಿಕೆ ಹಿಡಿದ ಕೈ ಒಂದು ಗೇಣು ಮಣ್ಣು ತೆಗೆಯುತ್ತದೆ. ಒಂದು ರಾತ್ರಿಯಲ್ಲಿ ಊರೊಂದರ ದಿಕ್ಕು ಬದಲಾಗುತ್ತದೆ.

ಭಾಷ್ಯದ ಉಪಮೆಯಲ್ಲಿ ಎರಡೂ ಗದ್ದೆಗಳು ಒಬ್ಬನವೇ. ಹಳ್ಳದ ದಂಡೆಯಲ್ಲಿ ಹಾಗಿಲ್ಲ. ಈಚೆ ದಂಡೆಗೆ ಒಡ್ಡು ಹಾಕಿದರೆ ಇಲ್ಲಿ ಹರಡಿ ನಿಲ್ಲುತ್ತಿದ್ದ ನೀರು ಆಚೆ ದಂಡೆಯ ಹೊಲಕ್ಕೆ ನುಗ್ಗುತ್ತದೆ. ಎರಡೂ ದಂಡೆಗೆ ಹಾಕಿದರೆ ಕೆಳಗಿನ ಊರಿಗೆ. ಸುತ್ತಿ ಬಳಸಿ ಹೋಗುವ ಹಳ್ಳವನ್ನು ಯಂತ್ರ ತಂದು ನೆಟ್ಟಗೆ ಮಾಡಿದರೆ ದಾರಿ ಗಿಡ್ಡವಾಗಿ, ಇಳಿಜಾರು ಹೆಚ್ಚಾಗಿ, ನೀರು ಬೇಗ ದಾಟಿಹೋಗುತ್ತದೆ. ಈ ಊರಿಗೆ ಅದು ಬಿಡುಗಡೆ, ಮುಂದಿನ ಊರಿಗೆ ಅದೇ ನೀರು ಹೆಚ್ಚು ಎತ್ತರದಲ್ಲಿ, ಎಚ್ಚರಿಕೆಗೆ ಕಡಿಮೆ ಸಮಯ ಕೊಟ್ಟು ಬರುತ್ತದೆ. ಹೂಳು ತೆಗೆಯಲೇಬೇಕು, ಪಾತ್ರದ ಜಾಲಿ ಕಡಿಯಲೇಬೇಕು, ಒತ್ತುವರಿ ಬಿಡಿಸಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಒಂದೂರಿನ ಹದ್ದಿನಲ್ಲಿ ಕೆಲಸ ಮುಗಿಸಿ ಮುಂದಿನ ಹದ್ದಿನಲ್ಲಿ ಹೂಳು ಬಿಟ್ಟರೆ, ಅದು ನೆರೆಯನ್ನು ತಡೆದಂತಲ್ಲ, ನೆರೆಮನೆಗೆ ಕಳಿಸಿದಂತೆ.

ಹಾಗಾಗಿ ಒಡ್ಡು ಧರ್ಮಶಾಸ್ತ್ರದ ವಿಷಯವೂ ಆಯಿತು. ನಾರದಸ್ಮೃತಿ ಸೇತುವನ್ನು, ಅಂದರೆ ಒಡ್ಡನ್ನು, ಎರಡು ಬಗೆಯಾಗಿ ವಿಂಗಡಿಸುತ್ತದೆ: ನೀರು ಹರಿದುಹೋಗಲೆಂದು ತೋಡಿದ್ದು ‘ಖೇಯ’, ನೀರು ನಿಲ್ಲಲೆಂದು ಕಟ್ಟಿದ್ದು ‘ಬಂಧ್ಯ’. ಬಸಿಗಾಲುವೆ ಬೇಕೋ ಬದು ಬೇಕೋ ಎಂಬ ಇಂದಿನ ಚರ್ಚೆಗೆ ಅಂದೇ ಹೆಸರಿತ್ತು. ಯಾಜ್ಞವಲ್ಕ್ಯಸ್ಮೃತಿಯ ಗಡಿವ್ಯಾಜ್ಯದ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಹಳ ಜನಕ್ಕೆ ಒಳಿತು ಮಾಡುವ, ಸ್ವಲ್ಪವೇ ಬಾಧೆ ಕೊಡುವ ಒಡ್ಡನ್ನು ಹೊಲದವನು ತಡೆಯಬಾರದು. ಆದರೆ ಹೊಲದ ಒಡೆಯನಿಗೆ ತಿಳಿಸದೆ ಅವನ ನೆಲದಲ್ಲಿ ಒಡ್ಡು ಹಾಕಿದವನಿಗೆ ಅದರ ಫಲ ಸಲ್ಲದು. ಅದು ಒಡೆಯನಿಗೇ ಸೇರಬೇಕು. ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು, ಇದೇ ಕನ್ನಡ ನೆಲದವನು. ಅವನ ಗ್ರಂಥವನ್ನು ಇಂದಿಗೂ ಆಸ್ತಿಹಂಚಿಕೆಯ ನೆಪದಲ್ಲಷ್ಟೇ ನೆನೆಯುತ್ತೇವೆ. ನೀರಿನ ನ್ಯಾಯವೂ ಅದರೊಳಗಿದೆ ಎಂಬುದನ್ನು ಹಳ್ಳದ ದಂಡೆಯವರು ತಿಳಿಯುವುದು ಒಳ್ಳೆಯದು.

‘ಸ್ವಲ್ಪ ಬಾಧೆ’ ಎಂದರೆ ಎಷ್ಟು? ಯಾರಿಗೆ ಸ್ವಲ್ಪ? ಎರಡೆಕರೆ ಇದ್ದವನ ಎರಡೆಕರೆಯೂ ಮುಳುಗಿದರೆ ಅದು ಊರ ಲೆಕ್ಕದಲ್ಲಿ ಸ್ವಲ್ಪ, ಅವನ ಲೆಕ್ಕದಲ್ಲಿ ಸರ್ವಸ್ವ. ಸ್ಮೃತಿಕಾರ ಇದಕ್ಕೆ ಅಳತೆಗೋಲು ಕೊಟ್ಟಿಲ್ಲ.

ಅಳತೆ ಕೊಟ್ಟ ಒಂದು ತೀರ್ಪು ಸಿಗುವುದು ಬೇರೊಂದು ಒಣನಾಡಿನಲ್ಲಿ. ಮದೀನಾದ ಸುತ್ತ ವರ್ಷದ ಬಹುಕಾಲ ಒಣಗಿದ್ದು ಮಳೆ ಬಂದಾಗ ಮಾತ್ರ ಭೋರೆಂದು ಬರುವ ಹಳ್ಳಗಳಿದ್ದವು. ಅವುಗಳಲ್ಲಿ ಮಹ್ಜೂರ್, ಮುಧೈನಿಬ್ ಎಂಬ ಎರಡರ ನೀರಿನ ಬಗ್ಗೆ ಪ್ರವಾದಿ ಮುಹಮ್ಮದರ ತೀರ್ಮಾನವನ್ನು ಹದೀಸ್ ಸಂಗ್ರಹಗಳು ದಾಖಲಿಸಿವೆ: ಮೇಲಿನ ಹೊಲದವನು ಕಾಲಿನ ಹರಡು ಮುಳುಗುವವರೆಗೆ ನೀರು ನಿಲ್ಲಿಸಿಕೊಳ್ಳಬಹುದು, ಆಮೇಲೆ ಕೆಳಗಿನವನಿಗೆ ಬಿಡಬೇಕು. ಅಳತೆಗೋಲು ಮನುಷ್ಯನ ಕಾಲೇ. ಅದು ಕೊರತೆಯ ನೀರನ್ನು ಹಂಚಿದ ನ್ಯಾಯ, ನೆರೆಯನ್ನು ಹಂಚಿದ್ದಲ್ಲ. ಆದರೂ ಹಳ್ಳದ ಮೇಲ್ಭಾಗದವರೆಲ್ಲ ತಮ್ಮ ತಮ್ಮ ಹೊಲದಲ್ಲಿ ಹರಡಿನಷ್ಟು ನೀರು ತಡೆದು ನಿಧಾನಕ್ಕೆ ಬಿಟ್ಟರೆ ಕೆಳಗೆ ಬರುವ ಪ್ರವಾಹದ ಎತ್ತರ ಎಷ್ಟು ತಗ್ಗೀತು ಎಂದು ಯೋಚಿಸಿದರೆ, ಒಂದೇ ಅಳತೆ ಎರಡೂ ಕಾಲಕ್ಕೆ ಹೊಂದುವುದು ಕಾಣುತ್ತದೆ. ಜಲಾನಯನದ ಹೆಸರಿನಲ್ಲಿ ಹಾಕುವ ಸಮಪಾತಳಿ ಬದು, ಕೃಷಿಹೊಂಡ, ಚಿಕ್ಕ ತಡೆಒಡ್ಡುಗಳ ಕೆಲಸ ಇದೇ. ಭಾರೀ ಮಳೆಗೆ ಅವು ಸಾಲವು. ಎರೆಮಣ್ಣಿನಲ್ಲಿ ನೀರು ಹೆಚ್ಚು ದಿನ ನಿಂತರೆ ಬೇರು ಕೊಳೆಯುತ್ತದೆ ಎಂಬ ರೈತರ ಆತಂಕವೂ ಸುಳ್ಳಲ್ಲ. ನಡುವಿನ ಮಳೆಗಳನ್ನು ಮಾತ್ರ ಅವು ಪಳಗಿಸುತ್ತವೆ, ಹಳ್ಳಕ್ಕೆ ಹೋಗುವ ಮಣ್ಣನ್ನು ಹೊಲದಲ್ಲೇ ಹಿಡಿಯುತ್ತವೆ.

ಒಡ್ಡು ಕಟ್ಟುವುದು ಪುಣ್ಯದ ಕೆಲಸವೇ ಎಂಬ ಪ್ರಶ್ನೆಯನ್ನು ಶರಣರ ಕಥನ ಎದುರುಬದುರು ಕೂರಿಸಿ ಕೇಳಿದೆ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದಾನೆ. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ‘ಒಡ್ಡ’ ಎಂದು ಕರೆಯುತ್ತಾನೆ. ಶಿಷ್ಯರು ಸಿಟ್ಟಾಗಿ ಕಲ್ಲು ತೂರುತ್ತಾರೆ, ಅವು ತಾಗುವುದಿಲ್ಲ. ಸಿದ್ಧರಾಮನೇ ಕೆರಳಿ ಬರುತ್ತಾನೆ. ದೀರ್ಘ ಸಂವಾದ ನಡೆದು ಕೊನೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ. ‘ಶೂನ್ಯಸಂಪಾದನೆ’ಯ ಈ ಪ್ರಸಂಗವನ್ನು ಅಂತರಂಗದ ಮುಂದೆ ಕೆರೆಕಟ್ಟೆಯ ಸೋಲು ಎಂದು ಓದುವವರಿದ್ದಾರೆ. ಆ ಓದು ಅವಸರದ್ದು. ಅಲ್ಲಮನ ಪೆಟ್ಟು ಬಿದ್ದದ್ದು ಕೆರೆಯ ಮೇಲಲ್ಲ, ‘ನಾನು ಕಟ್ಟಿಸಿದೆ’ ಎಂಬುದರ ಮೇಲೆ. ಮಣ್ಣು ಹೊತ್ತು ಬದುಕುವವರ ಹೆಸರು ಬೈಗುಳವಾಗಿ ಕೇಳಿಸಿದ್ದು ಯಾರ ಕಿವಿಗೆ, ಯಾಕೆ ಎಂಬುದೂ ಆ ಪ್ರಸಂಗದೊಳಗಿನ ಪ್ರಶ್ನೆಯೇ. ಒಡ್ಡರೆಂದು ಕರೆಸಿಕೊಂಡ ಭೋವಿ ಸಮುದಾಯ ಇಂದು ಅದೇ ಸಿದ್ಧರಾಮನನ್ನು ತನ್ನ ಗುರುವೆಂದು ಗೌರವದಿಂದ ನೆನೆಯುತ್ತದೆ. ಸೊಲ್ಲಾಪುರದ ಕೆರೆ ಈಗಲೂ ಇದೆ, ಅದರ ನಡುವೆ ಸಿದ್ಧೇಶ್ವರನ ಗುಡಿಯಿದೆ, ಜನ ಬರುತ್ತಾರೆ.

ಅಲ್ಲಮ ಮುಟ್ಟಿದ ಆ ‘ನಾನು’ ಹಳ್ಳದ ಕಾಮಗಾರಿಗಳಲ್ಲೂ ಅಡ್ಡ ಬರುತ್ತದೆ. ತಡೆಗೋಡೆ ಎಂದರೆ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಹೆಸರು ಕೆತ್ತಬಹುದು. ಹತ್ತಾರು ಊರಿನ ನೂರಾರು ಹೊಲಗಳಲ್ಲಿ ಚದುರಿದ ಬದುಗಳ ಮೇಲೆ ಯಾರ ಹೆಸರೂ ಕೂರದು. ಒಂದು ದಂಡೆಯ ಸಂಕಟ ದೊಡ್ಡ ದನಿಯಲ್ಲಿ ಕೇಳಿದರೆ ಒಡ್ಡು ಆ ದಂಡೆಗೆ ಏಳುತ್ತದೆ. ದನಿಯಿಲ್ಲದ ದಂಡೆ ನೀರನ್ನು ನುಂಗಿಕೊಳ್ಳುತ್ತದೆ. ಇಲ್ಲಿ ಅಗತ್ಯವಿರುವುದು ಹಳ್ಳವನ್ನು ಹುಟ್ಟಿನಿಂದ ಕೂಡುವ ಜಾಗದವರೆಗೆ ಒಂದೇ ಮೈಯೆಂದು ನೋಡುವ ಕಣ್ಣು. ಹಾಗೆ ನೋಡುವುದು ಭಕ್ತರಿಗೆ ಕಷ್ಟವಾಗಬಾರದು. ದೇವಿಯ ಪಾದಕ್ಕೆ ಹೂವಿಟ್ಟು ಬೆನ್ನಿಗೆ ಕಸ ಸುರಿಯುವವರು ಯಾರೂ ಇಲ್ಲವಷ್ಟೆ.

ಆದರೆ ಹಳ್ಳದ ವಿಷಯದಲ್ಲಿ ಅದೂ ನಡೆದಿದೆ. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಬೆಣ್ಣೆಹಳ್ಳ ತೀರ್ಥವಾಗುತ್ತದೆ. ಅಲ್ಲಿಯ ದೈವ ಹಿಂದೂಗಳಿಗೆ ಚಾಂಗದೇವ, ಮುಸಲ್ಮಾನರಿಗೆ ರಾಜಾಬಾಗಸವಾರ. ‘ಬಾಗ ಸವಾರ’ ಎಂದರೆ ಹುಲಿಯೇರಿದವನು. ಮರಾಠಿ ಸಂತಕಥೆಗಳಲ್ಲಿ ಹುಲಿಯ ಮೇಲೆ ಕೂತು ಜ್ಞಾನೇಶ್ವರನನ್ನು ಕಾಣಲು ಹೊರಟ ಯೋಗಿಯೂ ಚಾಂಗದೇವನೇ. ಅವನಿಗೆ ಎದುರಾಗಿ ಜ್ಞಾನೇಶ್ವರ ತಾನು ಕೂತಿದ್ದ ಗೋಡೆಯನ್ನೇ ನಡೆಸಿಕೊಂಡು ಬಂದನಂತೆ. ಯಮನೂರಿನ ಜಾತ್ರೆಗೆ ಎರಡೂ ಧರ್ಮದವರು ಬಂದು ಹಳ್ಳದಲ್ಲಿ ಮೀಯುತ್ತಾರೆ. ಮಿಂದರೆ ಚರ್ಮದ ಬೇನೆ ವಾಸಿಯಾಗುತ್ತದೆಂಬ ನಂಬಿಕೆ. ಇಲ್ಲಿ ಎಣ್ಣೆಯ ಬದಲು ಹಳ್ಳದ ನೀರಿನಿಂದ ದೀಪ ಉರಿಯುತ್ತದೆಂಬ ಪ್ರತೀತಿಯೂ ಇದೆ. ಜಾತ್ರೆ ಬೀಳುವುದು ಬೇಸಿಗೆಯ ಹೊಸ್ತಿಲಲ್ಲಿ, ಹಳ್ಳ ಸೊರಗಿ ತಳ ಹಿಡಿಯುವ ಕಾಲದಲ್ಲಿ. ಮೇಲಿನಿಂದ ಹುಬ್ಬಳ್ಳಿಯ ನಾಲೆಗಳು ಪೇಟೆಯ ಕೊಳಚೆಯನ್ನು ಇದೇ ಹಳ್ಳದ ಕಡೆಗೆ ಹರಿಸುತ್ತವೆ. ಬೇನೆ ಕಳೆಯಲೆಂದು ಮುಳುಗುವ ತಾಯಿಯ ಕಂಕುಳಲ್ಲಿ ಕೂಸಿದೆ.

ಕಂಡ ನೀರಿಗೆಲ್ಲ ಮುಳುಗುವವರನ್ನು ಬಸವಣ್ಣ ಕಟುವಾಗಿಯೇ ಪ್ರಶ್ನಿಸಿದ್ದ. ಆ ಪ್ರಶ್ನೆಯನ್ನು ಈ ತಾಯಿಗೆ ಹಾಕುವುದು ಸುಲಭ, ನ್ಯಾಯವಲ್ಲ. ಅವಳ ನಂಬಿಕೆ ಹಳ್ಳದಿಂದ ಒಳ್ಳೆಯದನ್ನು ನಿರೀಕ್ಷಿಸುತ್ತಿದೆ. ಅಷ್ಟನ್ನೂ ನಿರೀಕ್ಷಿಸದವರು ಅದನ್ನು ಚರಂಡಿ ಮಾಡಿದ್ದಾರೆ. ಹಳ್ಳಕ್ಕೆ ಮಾಡುವ ಗಂಗಿಪೂಜೆ, ತುಂಬುವ ಉಡಿ, ಬಿಡುವ ಬಾಗಿನ ನೆರೆಯನ್ನು ತಡೆಯುವುದಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಜನರನ್ನು ದಂಡೆಗೆ ಕರೆತಂದು, ನೀರು ಎಲ್ಲಿಗೆ ಬಂದಿದೆ, ಪಾತ್ರ ಎಷ್ಟು ಕಿರಿದಾಗಿದೆ, ಯಾರ ಬೇಲಿ ಎಷ್ಟು ಒಳಗೆ ಸರಿದಿದೆ ಎಂದು ಕಣ್ಣಾರೆ ತೋರಿಸುತ್ತವೆ. ಇಲಾಖೆಯ ನಕ್ಷೆಯಲ್ಲಿ ಹಳ್ಳ ಒಂದು ಗೆರೆ. ಉಡಿ ತುಂಬುವ ಹೆಂಗಸಿಗೆ ಅದು ಈ ವರ್ಷ ಎರಡು ಮಾರು ಆಚೆ ಸರಿದ ಮೈ.

2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ ಬಂದಾಗ ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆಆಲೂರುಗಳ ಜನ ಮನೆ ಬಿಟ್ಟು ಎತ್ತರದ ಜಾಗ ಹುಡುಕಿದರು. ಹೀಗೆ ಹಳ್ಳಗಳು ತಂದು ಕೂಡಿಸಿದ ನೀರನ್ನೂ ಹೊತ್ತು ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ಈಗ ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ನಿಲ್ಲುತ್ತದೆ. ಬಸವಣ್ಣನ ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಬಂದವರು ಮೆಟ್ಟಿಲಿಳಿದು ತಳಕ್ಕೆ ಹೋಗಿ ಐಕ್ಯಲಿಂಗಕ್ಕೆ ಕೈಮುಗಿಯುತ್ತಾರೆ. ಗೋಡೆಯ ಹೊರಗೆ, ಅವರ ತಲೆಗಿಂತ ಎತ್ತರದಲ್ಲಿ, ಹೊಳೆಗಳೆರಡರ ನೀರು ನಿಂತಿರುತ್ತದೆ. ಆ ನೀರು ಹೊತ್ತು ತಂದ ಮಣ್ಣು ನಿಧಾನವಾಗಿ ತಳಕ್ಕಿಳಿಯುತ್ತದೆ. ಅದರಲ್ಲಿ ನವಲಗುಂದದ ಹೆಸರುಹೊಲಗಳ ಎರೆಯೂ ಇದೆ.